ಕೆಲಸವಿಲ್ಲದ ಎಡಗಾಲು

ಆ ಪಿಕಪ್ಪಿಗೆ ಕ್ಲಚ್ ಪೆಡಲೇ ಇರಲಿಲ್ಲ. ಮೊದಲ ಸಲ ಅದರ ಡ್ರೈವರ್ ಸೀಟಿನಲ್ಲಿ ಕೂತಾಗ ನನ್ನ ಎಡಗಾಲು ಎರಡು ಸಲ ಗಾಳಿಯನ್ನು ತುಳಿಯಿತು. ಮೂರನೆಯ ಸಲ ಬ್ರೇಕನ್ನು ತುಳಿಯಿತು. ಗಾಡಿ ಮುಗ್ಗರಿಸಿ ನಿಂತಿತು, ನನ್ನ ಎದೆ ಹೋಗಿ ಸ್ಟೇರಿಂಗಿಗೆ ಬಡಿಯಿತು. ಶೆಡ್ಡಿನ ಎದುರು ಚಹಾ ಕುಡಿಯುತ್ತಿದ್ದ ಇಬ್ಬರು ರಿಕ್ಷಾದವರು ನಕ್ಕರು. ಹದಿನೈದು ವರ್ಷ ಗಾಡಿಗಳ ಹೊಟ್ಟೆಯಡಿ ಮಲಗಿ ಎದ್ದವನನ್ನು ಕಂಡು ನಗುವುದೆಂದರೆ ಸಣ್ಣ ಮಾತಲ್ಲ. ಆ ನಗು ನನಗೆ ಇವತ್ತಿಗೂ ನೆನಪುಂಟು. ನಾನು ಎಂಥ ಜಂಬದವನಾಗಿದ್ದೆ ಎಂದು ಅದರಲ್ಲೇ ತಿಳಿಯಬಹುದು.

ನಾನು ಕುಂದಾಪುರದ ಕಡೆಯವ. ಆರನೇ ಕ್ಲಾಸಿನ ಪರೀಕ್ಷೆಗೆ ಮೊದಲೇ ಶಾಲೆ ಬಿಟ್ಟು ಮುಂಬಯಿಗೆ ಬಂದೆ. ಊರಿನಿಂದ ಬಂದ ಎಲ್ಲರ ಹಾಗೆ ಮೊದಲು ಹೋಟೆಲಿನಲ್ಲಿ ಲೋಟ ತೊಳೆದೆ. ಹೋಟೆಲಿನವರು ಕನ್ನಡ ರಾತ್ರಿ ಶಾಲೆಗೆ ಕಳಿಸುತ್ತಿದ್ದರು. ಅಲ್ಲಿ ನಾನು ಕಲಿತದ್ದಕ್ಕಿಂತ ಬೆಂಚಿನ ಮೇಲೆ ನಿದ್ದೆ ಮಾಡಿದ್ದೇ ಹೆಚ್ಚು. ಕನ್ನಡ ಓದಲಿಕ್ಕೆ, ಬರೆಯಲಿಕ್ಕೆ ಬಂತು. ಇಂಗ್ಲಿಷು ಅಕ್ಷರದವರೆಗೆ ಬಂದು ಅಲ್ಲಿಗೇ ನಿಂತಿತು. ಡಬ್ಬಿಯ ಮೇಲಿನ ನಂಬರು, ಸಾಮಾನಿನ ಹೆಸರು ಓದಬಲ್ಲೆ; ಒಂದು ಇಡೀ ವಾಕ್ಯ ಎದುರು ನಿಂತರೆ ಬೆವರುತ್ತಿದ್ದೆ. ಆಮೇಲೆ ಬೈಕುಲ್ಲಾದ ಒಂದು ಗ್ಯಾರೇಜಿನಲ್ಲಿ ಹನ್ನೆರಡು ವರ್ಷ ದುಡಿದೆ. ಎಂಬತ್ತರ ದಶಕದ ನಡುವಿನಲ್ಲಿ ವಿಲೆ ಪಾರ್ಲೆ ಪೂರ್ವದಲ್ಲಿ, ಒಂದು ಮೂರು ಮಾಳಿಗೆಯ ಬಿಲ್ಡಿಂಗಿನ ಹಿಂಗೋಡೆಗೆ ತಗಡು ಇಳಿಸಿ, ನನ್ನದೇ ಶೆಡ್ಡು ಮಾಡಿಕೊಂಡೆ.

ನನ್ನದೊಂದು ಹಟ ಇತ್ತು. ನನ್ನ ಕೈಯಿಂದ ಹೊರಗೆ ಹೋದ ಗಾಡಿ ಅದೇ ರೋಗಕ್ಕೆ ತಿರುಗಿ ಬರಬಾರದು. ಇನ್ನೊಂದು, ಗೊತ್ತಿಲ್ಲ ಎಂಬ ಮಾತು ಗಿರಾಕಿಯ ಎದುರು ನನ್ನ ಬಾಯಿಂದ ಬರಬಾರದು. ಮೊದಲನೆಯದು ಒಳ್ಳೆಯ ಹಟ. ಎರಡನೆಯದರ ಬಗ್ಗೆಯೇ ನಾನು ಈಗ ಬರೆಯುತ್ತಿರುವುದು.

ಪಿಕಪ್ಪು ಸ್ಟೇಷನ್ ಹತ್ತಿರದ ಒಂದು ಹೋಟೆಲಿನ ಧಣಿಯದ್ದು. ಅವರು ಉಡುಪಿ ಕಡೆಯವರು. ಸಮುದ್ರದಲ್ಲಿ ಎಣ್ಣೆ ಬಾವಿ ಕೊರೆಯಲು ಬಂದ ಯಾವುದೋ ಪರದೇಶದ ಕಂಪನಿ ವಾಪಸು ಹೋಗುವಾಗ ಹರಾಜಿಗೆ ಹಾಕಿದ ಗಾಡಿ. ಅಮೆರಿಕದ್ದು, ಆಗಲೇ ಹಳತು. ಸ್ಟೇರಿಂಗು ಎಡಗಡೆ, ಗೇರಿನ ಸಣ್ಣ ಕೋಲು ಸ್ಟೇರಿಂಗಿನ ಕುತ್ತಿಗೆಗೆ ಅಂಟಿಕೊಂಡದ್ದು. ಒಮ್ಮೆ ಆ ಕೋಲನ್ನು ಎಳೆದು ಬಿಟ್ಟರೆ ಗೇರು ತಾನಾಗಿ ಬೀಳುತ್ತದೆ, ಡ್ರೈವರ್ ಬರೀ ಎಕ್ಸಿಲೇಟರ್ ಕೊಟ್ಟರೆ ಸಾಕು. ಅಂಥ ಗಾಡಿ ಪಾರ್ಲೆಯಲ್ಲಿ ಇನ್ನೊಂದು ಇರಲಿಲ್ಲ. ಪೆಟ್ರೋಲು ಆನೆ ನೀರು ಕುಡಿದ ಹಾಗೆ ಕುಡಿಯುತ್ತಿತ್ತು. ಆದರೆ ಧಣಿಗೆ ಅದರ ಅಗಲವಾದ ಮೂತಿಯ ಮೇಲೆ ಪ್ರೀತಿ. ದಿನಾ ಬೆಳಿಗ್ಗೆ ಅದು ಬೈಕುಲ್ಲಾ ಮಾರ್ಕೆಟಿನಿಂದ ತರಕಾರಿ, ದಾದರಿನಿಂದ ಬಾಳೆಎಲೆ ಹೇರಿಕೊಂಡು ಬಂದು ಹೋಟೆಲಿನ ಎದುರು ನಿಂತರೆ ರಸ್ತೆಯೇ ಸಣ್ಣದಾಗಿ ಕಾಣುತ್ತಿತ್ತು.

ಅದನ್ನು ಓಡಿಸುವವ ವಿಜಾಪುರದ ಕಡೆಯವ. ಲಾರಿಯಲ್ಲಿ ಪಳಗಿದ ಮನುಷ್ಯ, ನನಗಿಂತ ನಾಲ್ಕೈದು ವರ್ಷ ಹಿರಿಯ. ಮಾತು ಕಡಿಮೆ. ಹೋಟೆಲಿನ ಅಟ್ಟದಲ್ಲಿ ಎರಡು ವರ್ಷ ಮಲಗಿ, ಆ ವರ್ಷವಷ್ಟೇ ಜೋಗೇಶ್ವರಿಯ ಗುಡ್ಡದ ಮೇಲೆ ಒಂದು ಕೋಣೆ ಹಿಡಿದು ಹೆಂಡತಿ ಮಕ್ಕಳನ್ನು ಕರೆಸಿಕೊಂಡಿದ್ದ. ಮಗಳನ್ನು ಮುನ್ಸಿಪಾಲಿಟಿಯ ಕನ್ನಡ ಶಾಲೆಗೆ ಹಾಕಿದ್ದನ್ನು ನನಗೆ ಒಮ್ಮೆ ಹೇಳಿದ್ದ. ಅವನು ತಾನಾಗಿ ಹೇಳಿದ ಮಾತು ಅದೊಂದೇ ಇರಬೇಕು.

ಮಳೆಗಾಲ ಮುಗಿದ ಮೇಲೆ ಗಾಡಿ ಮೊದಲ ಸಲ ನನ್ನಲ್ಲಿಗೆ ಬಂತು. ಎಕ್ಸಿಲೇಟರ್ ಒತ್ತಿದರೆ ಇಂಜಿನ್ ಬೊಬ್ಬೆ ಹೊಡೆಯುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ, ಸ್ವಲ್ಪ ಹೊತ್ತು ತಡೆದು ಆಮೇಲೆ ಹಿಡಿಯುತ್ತದೆ ಎಂದು ಡ್ರೈವರ್ ಹೇಳಿದ. ಕ್ಲಚ್ಚಿನ ಗಾಡಿಯಾದರೆ ಇದಕ್ಕೆ ಕ್ಲಚ್ ಜಾರುವುದು ಎನ್ನುತ್ತೇವೆ; ಯಾವ ಮಿಸ್ತ್ರಿಯಾದರೂ ಕಣ್ಣು ಮುಚ್ಚಿ ಹೇಳುತ್ತಾನೆ. ಈ ಗಾಡಿಯಲ್ಲಿ ಕ್ಲಚ್ಚಿನ ಕೆಲಸವನ್ನು ಗೇರ್‌ಬಾಕ್ಸಿನ ಒಳಗೆ ಎಣ್ಣೆ ಮಾಡುತ್ತದೆ ಎಂಬಷ್ಟು ನನಗೆ ಗೊತ್ತಿತ್ತು. ಬೈಕುಲ್ಲಾದಲ್ಲಿ ಇರುವಾಗ ಅಂಥ ಒಂದೆರಡು ದೊಡ್ಡ ಕಾರುಗಳನ್ನು ದೂರದಿಂದ ಕಂಡಿದ್ದೆ. ಅವನ್ನು ಮುಟ್ಟಲಿಕ್ಕೆ ನಮ್ಮನ್ನು ಬಿಡುತ್ತಿರಲಿಲ್ಲ.

ಬಾನೆಟ್ ಎತ್ತಿದೆ. ಗೇರ್‌ಬಾಕ್ಸಿನ ಎಣ್ಣೆ ನೋಡಲು ಇಂಜಿನ್ನಿಗೆ ಇರುವ ಹಾಗೆಯೇ ಒಂದು ಉದ್ದದ ಅಳತೆ ಕೋಲು ಇತ್ತು. ಇಂಜಿನ್ ಬಂದ್ ಮಾಡಿಸಿದೆ. ಹತ್ತು ನಿಮಿಷ ಬಿಟ್ಟೆ. ಕೋಲು ಎಳೆದು, ಬಟ್ಟೆಯಿಂದ ಒರೆಸಿ, ಪುನಃ ಅದ್ದಿ ತೆಗೆದೆ. ಎಣ್ಣೆ ಗೆರೆಯವರೆಗೆ ಇತ್ತು. ಗೆರೆಗಿಂತ ಒಂದು ಕೂದಲು ಮೇಲೆಯೇ ಇತ್ತು. ಎಣ್ಣೆ ತುಂಬಿ ಉಂಟು, ಹೆದರಬೇಡ, ನಿಧಾನಕ್ಕೆ ಓಡಿಸು ಎಂದು ಕಳಿಸಿದೆ.

ಎರಡು ವಾರಕ್ಕೆ ಗಾಡಿ ತಿರುಗಿ ಬಂತು. ಅದೇ ರೋಗ, ಈಗ ಇನ್ನೂ ಜೋರು. ಈ ಸಲ ಧಣಿಯೂ ಜೊತೆಗೆ ಬಂದಿದ್ದರು. ನಾನು ಪುನಃ ಇಂಜಿನ್ ಬಂದ್ ಮಾಡಿಸಿ ಕೋಲು ನೋಡಿದೆ. ಪುನಃ ತುಂಬಿತ್ತು. ಮೂಸಿದೆ, ಸ್ವಲ್ಪ ಕರಟಿದ ವಾಸನೆ. ಬಣ್ಣವೂ ಕೆಂಪು ಹೋಗಿ ಕಂದಿತ್ತು. ಧಣಿ ನನ್ನ ಮುಖವನ್ನೇ ನೋಡುತ್ತಿದ್ದರು. ರಿಕ್ಷಾದವರೂ ನೋಡುತ್ತಿದ್ದರು. ನಾನು ಏನಾದರೂ ಹೇಳಲೇಬೇಕಿತ್ತು.

ನಮ್ಮ ಕಸುಬಿನಲ್ಲಿ ಒಂದು ಅಭ್ಯಾಸ ಉಂಟು. ಗಾಡಿ ಜಾರುತ್ತದೆ ಅಂದ ಕೂಡಲೇ ನಾವು ಡ್ರೈವರನ ಎಡಗಾಲನ್ನು ಹಿಡಿಯುತ್ತೇವೆ. ಅರ್ಧ ಕ್ಲಚ್ಚಿನಲ್ಲಿ ಓಡಿಸುತ್ತೀಯಾ, ಪೆಡಲಿನ ಮೇಲೆ ಕಾಲಿಟ್ಟು ನಿದ್ದೆ ಮಾಡುತ್ತೀಯಾ ಎಂದು ಬೈಯುತ್ತೇವೆ. ನೂರರಲ್ಲಿ ಎಂಬತ್ತು ಸಲ ಅದು ನಿಜವೂ ಹೌದು. ಆ ದಿನ ನನ್ನ ನಾಲಗೆ ಅದೇ ದಾರಿಯಲ್ಲಿ ಹೋಯಿತು. ಎಣ್ಣೆ ಸರಿ ಉಂಟು, ಒಳಗೆ ಗೇರು ಹಿಡಿಯುವ ಪ್ಲೇಟು ಸುಟ್ಟಿವೆ, ಗೇರ್‌ಬಾಕ್ಸ್ ಇಳಿಸಿ ಬಿಚ್ಚಬೇಕು ಎಂದೆ. ಯಾಕೆ ಸುಟ್ಟಿತು ಎಂದು ಧಣಿ ಕೇಳಿದರು. ನಾನು ಡ್ರೈವರನ ಕಡೆ ನೋಡಿದೆ. ಲಾರಿ ಓಡಿಸಿದವರಿಗೆ ಎಡಗಾಲು ಸುಮ್ಮನೆ ಇರುವುದಿಲ್ಲ, ಬ್ರೇಕಿನ ಮೇಲೆ ಇಟ್ಟುಕೊಂಡೇ ಎಕ್ಸಿಲೇಟರ್ ಒತ್ತುತ್ತಾರೆ, ಆ ಗುದ್ದಾಟಕ್ಕೆ ಸಿಕ್ಕಿ ಪ್ಲೇಟು ಸುಟ್ಟುಹೋಗುತ್ತದೆ ಎಂದೆ. ಮೊದಲ ದಿನ ನನ್ನ ಕಾಲೇ ಹಾಗೆ ಮಾಡಿದ್ದಲ್ಲವೇ, ಅದಕ್ಕೆ ಮಾತು ಬಹಳ ಸಲೀಸಾಗಿ ಬಂತು.

"ಇಲ್ರಿ," ಎಂದ ಡ್ರೈವರ್. "ನಾ ಬ್ರೇಕ್ ಮ್ಯಾಲ ಕಾಲ ಇಡಂಗಿಲ್ಲ."

"ಎಲ್ಲರೂ ಹಾಗೇ ಹೇಳುವುದು," ಎಂದೆ ನಾನು.

ಧಣಿ ಅಲ್ಲೇ ತೀರ್ಮಾನ ಮಾಡಿದರು. ಊರಿನಲ್ಲಿ ಅವರ ಪರಿಚಯದ ಒಬ್ಬ ಡ್ರೈವರ್ ಕೆಲಸಕ್ಕೆ ಕಾಯುತ್ತಿದ್ದನಂತೆ. ಅವನಿಗೆ ಹೇಳಿ ಕಳಿಸುತ್ತೇನೆ, ಸೋಮವಾರ ಬರುತ್ತಾನೆ, ಅಷ್ಟರವರೆಗೆ ಇವನು ಮಾರ್ಕೆಟಿಗೆ ಹೇಗಾದರೂ ಓಡಿಸಲಿ, ಆಮೇಲೆ ಗಾಡಿಯನ್ನು ಬಿಚ್ಚಲಿಕ್ಕೆ ಬಿಡುವ ಎಂದರು. ಆವತ್ತು ಮಂಗಳವಾರ. ಡ್ರೈವರ್ ಬಟ್ಟೆಯಿಂದ ಬಾನೆಟ್ಟಿನ ಮೇಲಿದ್ದ ನನ್ನ ಕೈಯ ಗುರುತು ಒರೆಸಿ, ಗಾಡಿ ಹತ್ತಿ ಹೋದ.

ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೆ ಅವನ ಚಿಂತೆ ಇರಲಿಲ್ಲ. ನನ್ನ ಚಿಂತೆ ಬೇರೆ. ಅಂಥ ಗೇರ್‌ಬಾಕ್ಸನ್ನು ನಾನು ಜನ್ಮದಲ್ಲಿ ಬಿಚ್ಚಿರಲಿಲ್ಲ. ಬಿಚ್ಚಿದರೆ ಜೋಡಿಸಲಿಕ್ಕೆ ಬರುತ್ತದೋ ಇಲ್ಲವೋ ಅದೂ ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ, ತರಕಾರಿ ಇಳಿಸಿದ ಮೇಲೆ, ಗಾಡಿಯನ್ನು ಶೆಡ್ಡಿಗೆ ತರಿಸಿಕೊಂಡೆ. ಇಂಜಿನ್ ಚಾಲೂ ಇಟ್ಟು ಅದರ ಶಬ್ದ ಕೇಳುತ್ತ ನಿಂತಿದ್ದೆ. ಹಿಂದೆ ಸೈಲೆನ್ಸರಿನಿಂದ ಬಿಳಿ ಹೊಗೆ ಎದ್ದು ಬಿಲ್ಡಿಂಗಿನ ಗೋಡೆ ಹಿಡಿದು ಮೇಲೆ ಹೋಗುತ್ತಿತ್ತು. ಮೊದಲ ಮಾಳಿಗೆಯ ಅಡುಗೆಮನೆ ಕಿಟಕಿ ದಡಾರೆಂದು ತೆರೆಯಿತು.

ಅಲ್ಲಿ ಇದ್ದವರು ಮೈಸೂರಿನ ಕಡೆಯ ಒಬ್ಬ ಹೆಂಗಸು, ದಾದರಿನಲ್ಲಿ ಆಫೀಸಿನ ಕೆಲಸ. ನನಗೂ ಅವರಿಗೂ ಶೆಡ್ಡು ಕಟ್ಟಿದ ದಿನದಿಂದ ಜಗಳ. ಶಬ್ದಕ್ಕೆ ಜಗಳ, ಹಾರ್ನಿಗೆ ಜಗಳ, ಹೊಗೆಗಂತೂ ದಿನಾ ಜಗಳ. ಸೊಸೈಟಿಗೆ ಎರಡು ಸಲ ಅರ್ಜಿ ಕೊಟ್ಟಿದ್ದರು. ಆವತ್ತು ರಜೆ ಹಾಕಿ ಮನೆಯಲ್ಲಿದ್ದರು ಅಂತ ಕಾಣುತ್ತದೆ.

"ನೋಡಿ, ಪೆಟ್ರೋಲ್ ಹೊಗೆ, ಡೀಸೆಲ್ ಹೊಗೆ ಎಲ್ಲಾ ನನ್ನ ಮೂಗಿಗೆ ಅಭ್ಯಾಸ ಆಗ್ಹೋಗಿದೆ," ಎಂದರು. "ಇದು ಬೇರೆ ಥರ ನಾತ. ಇದೇನು ಸುಡ್ತಾ ಇದೀರ ನೀವು?"

ಇಂಜಿನ್ ಹಳತಾಗಿದೆ ಮೇಡಂ, ಪಿಸ್ಟನ್ ರಿಂಗು ಸವೆದಿವೆ, ಎಣ್ಣೆ ಸುಡುತ್ತದೆ ಎಂದು ಹೇಳಿ ಬಂದ್ ಮಾಡಿದೆ. ಕಿಟಕಿಯೂ ಮುಚ್ಚಿತು. ಆದರೆ ಅವರ ಮಾತು ತಲೆಯಿಂದ ಹೋಗಲಿಲ್ಲ. ಮೂರು ವರ್ಷ ನನ್ನ ಶೆಡ್ಡಿನ ಹೊಗೆ ಕುಡಿದ ಮೂಗು ಅದು. ನನ್ನ ಮೂಗು ಯಾವತ್ತೋ ಸತ್ತಿತ್ತು, ಅವರದ್ದು ಸತ್ತಿರಲಿಲ್ಲ.

ಸುಮ್ಮನೆ ನೋಡುವ ಎಂದು ಸ್ಪಾರ್ಕ್ ಪ್ಲಗ್ಗುಗಳನ್ನೆಲ್ಲ ಬಿಚ್ಚಿ ಸಾಲಾಗಿ ಇಟ್ಟೆ. ರಿಂಗು ಸವೆದರೆ ಹೆಚ್ಚು ಕಡಿಮೆ ಎಲ್ಲ ಪ್ಲಗ್ಗುಗಳೂ ಕಪ್ಪಾಗಿ ಜಿಡ್ಡಾಗಿರಬೇಕು. ಇಲ್ಲಿ ಒಂದು ಬಿಟ್ಟು ಉಳಿದವೆಲ್ಲ ಒಣಗಿ ಚೆನ್ನಾಗಿದ್ದವು. ಆ ಒಂದು ಮಾತ್ರ ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗಿತ್ತು. ಒಂದೇ ಸಿಲಿಂಡರಿಗೆ ಎಣ್ಣೆ ಎಲ್ಲಿಂದ ಬಂತು? ಪ್ಲಗ್ಗು ಒರೆಸಿ ಹಾಕಿ, ನಾಳೆ ಮಾರ್ಕೆಟಿಗೆ ನಾನೂ ಬರುತ್ತೇನೆ ಎಂದು ಡ್ರೈವರನಿಗೆ ಹೇಳಿದೆ. ಅವನು ಬರ್ರಿ ಎಂದಷ್ಟೇ ಅಂದ.

ಗುರುವಾರ ಬೆಳಿಗ್ಗೆ ಅವನ ಪಕ್ಕದ ಸೀಟಿನಲ್ಲಿ, ಅಂದರೆ ಬಲಗಡೆ, ಸ್ಟೇರಿಂಗು ಇರಬೇಕಾದ ಕಡೆ ಸ್ಟೇರಿಂಗಿಲ್ಲದೆ ಕೂತೆ. ಎದುರು ಬರುವ ಬಸ್ಸುಗಳೆಲ್ಲ ನನ್ನ ಮೇಲೆಯೇ ಬಂದ ಹಾಗೆ ಕಾಣುತ್ತಿತ್ತು. ಮಾಹಿಮ್ ದಾಟುವವರೆಗೆ ನಾನು ಇಂಜಿನ್ನಿನ ಶಬ್ದವನ್ನೇ ಕೇಳುತ್ತಿದ್ದೆ. ನೇರ ರಸ್ತೆಯಲ್ಲಿ ಗಾಡಿ ಗಟ್ಟಿಯಾಗಿ ಹಿಡಿದು ಓಡುತ್ತಿತ್ತು. ದಾದರಿನ ತಿರುವಿನಲ್ಲಿ ಒಮ್ಮೆ ಜಾರಿತು, ಇಂಜಿನ್ ಕೂಗಿತು, ತಿರುವು ಮುಗಿದ ಕೂಡಲೇ ಹಿಡಿಯಿತು. ಬೈಕುಲ್ಲಾದ ಸೇತುವೆ ಏರುವಾಗ ಮತ್ತೆ ಜಾರಿತು. ಇಳಿಯುವಾಗ ಸರಿ.

ಸುಟ್ಟ ಪ್ಲೇಟು ದಾರಿ ನೋಡಿ ಜಾರುವುದಿಲ್ಲ. ಅದು ನೇರ ರಸ್ತೆಯಲ್ಲೂ ಜಾರಬೇಕು, ಭಾರ ಬಿದ್ದಾಗಲೆಲ್ಲ ಜಾರಬೇಕು. ತಿರುವು, ಏರು, ಇವೆರಡರಲ್ಲೇ ಜಾರುತ್ತದೆ ಅಂದರೆ, ತಟ್ಟೆಯಲ್ಲಿ ಸ್ವಲ್ಪವೇ ಸಾರು ಇದ್ದು ತಟ್ಟೆ ಓರೆ ಮಾಡಿದರೆ ಒಂದು ಬದಿ ಬರಿದಾಗುತ್ತದಲ್ಲ, ಆ ಲಕ್ಷಣ. ಎಣ್ಣೆ ಕಡಿಮೆ ಇರುವ ಲಕ್ಷಣ. ಆದರೆ ಕೋಲಿನಲ್ಲಿ ಎಣ್ಣೆ ತುಂಬಿತ್ತು. ನಾನೇ ನೋಡಿದ್ದೆ, ಎರಡು ಸಲ.

ಮಾರ್ಕೆಟಿನ ಬಾಗಿಲಲ್ಲಿ ಕೈಗಾಡಿಗಳ ಸಾಲಿನ ಹಿಂದೆ ನಿಂತಾಗ ನಾನು ಮೊದಲ ಸಲ ಅವನ ಕಾಲಿನ ಕಡೆ ನೋಡಿದೆ. ಪೆಡಲುಗಳ ಹತ್ತಿರ ಬಲಗಾಲು ಒಂದೇ ಇತ್ತು. ಎಡಗಾಲಿನ ಚಪ್ಪಲಿ ಕೆಳಗೆ ಬಿದ್ದಿತ್ತು. ಎಡಗಾಲನ್ನು ಅವನು ಊಟಕ್ಕೆ ಕೂತವರ ಹಾಗೆ ಮಡಚಿ ಸೀಟಿನ ಮೇಲೆ ತೊಡೆಯಡಿ ಇಟ್ಟುಕೊಂಡಿದ್ದ. ಪಾರ್ಲೆಯಿಂದ ಅಲ್ಲಿವರೆಗೆ ಹಾಗೆಯೇ ಬಂದಿದ್ದ, ನಾನು ನೋಡಿರಲಿಲ್ಲ.

ಇದೇನು ಎಂದು ಕೇಳಿದೆ.

"ಇದರಾಗ ಎಡಗಾಲಿಗೆ ಕೆಲಸ ಇಲ್ಲಲ್ರಿ," ಎಂದ. "ಕೆಳಗ ಬಿಟ್ರ ತಾನಾಗೇ ಕ್ಲಚ್ ಹುಡಕ್ತದ, ಬ್ರೇಕ್ ತುಳೀತದ. ಮೊದಲ ವಾರ ಹಂಗಾತು. ಅವತ್ತಿಂದ ಮಡಚಿ ಕುಂಡ್ರಿಸೀನಿ."

"ಮಂಗಳವಾರ ಯಾಕೆ ಹೇಳಲಿಲ್ಲ?"

"ಹೇಳಿದ್ನೆಲ್ರಿ. ನೀವು ಎಲ್ಲಾರೂ ಹಂಗ ಹೇಳ್ತಾರ ಅಂದ್ರಿ."

ನಾನು ಹೊರಗೆ ನೋಡುತ್ತ ಕೂತೆ. ಹಮಾಲರು ಕೋಸಿನ ಮೂಟೆ ಎಸೆಯುತ್ತಿದ್ದರು. ನಾನು ಹೇಳಿದ ಕಾರಣ ಅಲ್ಲಿಗೆ ಸತ್ತಿತು. ಆ ಮನುಷ್ಯನ ಕಾಲು ಆ ಗಾಡಿಯನ್ನು ಹಾಳು ಮಾಡಿರಲಿಲ್ಲ, ಮಾಡಬಾರದೆಂದೇ ಅವನು ಅದನ್ನು ಕಟ್ಟಿಹಾಕಿದ ಹಾಗೆ ಕೂರಿಸಿದ್ದ. ಮಿಸ್ತ್ರಿ ಅನಿಸಿಕೊಂಡ ನನಗೆ ಹೊಳೆಯದ ಉಪಾಯ. ಸೋಮವಾರ ಹೊಸ ಡ್ರೈವರ್ ಬರುತ್ತಾನೆ. ಜೋಗೇಶ್ವರಿಯ ಕೋಣೆ, ಅರ್ಧ ವರ್ಷ ಮುಗಿಸಿದ ಮಗಳ ಶಾಲೆ, ಎಲ್ಲ ನನ್ನ ಒಂದು ಮಾತಿನ ಮೇಲೆ ನಿಂತಿತ್ತು. ಈಗ ಆ ಮಾತಿನ ಅಡಿಯಲ್ಲಿ ನೆಲವೇ ಇರಲಿಲ್ಲ.

ವಾಪಸು ಬರುವಾಗ, ಈ ಗಾಡಿಯ ಜೊತೆಗೆ ಕಾಗದ ಪತ್ರ ಏನಾದರೂ ಬಂದಿತ್ತಾ ಎಂದು ಕೇಳಿದೆ. ಅವನು ನನ್ನ ಮೊಣಕಾಲಿನ ಎದುರಿನ ಪೆಟ್ಟಿಗೆಯನ್ನು ತೋರಿಸಿದ. ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಪುಸ್ತಕ ಇತ್ತು. ಸಾಹೇಬರ ಗಾಡಿ ಜೊತೆಗೇ ಬಂದದ್ದು, ಯಾರೂ ಬಿಚ್ಚಿಲ್ಲ, ಮಳೆಗೆ ತೋಯಬಾರದು ಅಂತ ನಾನೇ ಸುತ್ತಿ ಇಟ್ಟಿದ್ದೇನೆ ಎಂದ. ಬಿಚ್ಚಿ ನೋಡಿದೆ. ಪುಟದ ತುಂಬ ಇಂಗ್ಲಿಷು. ನಡುವೆ ಒಂದು ಕಡೆ ಅಳತೆ ಕೋಲಿನ ಚಿತ್ರ ಇತ್ತು. ಚಿತ್ರದ ಕೆಳಗೆ ಎಂಟು ಹತ್ತು ಸಾಲು. ಅಕ್ಷರ ಒಂದೊಂದಾಗಿ ಗೊತ್ತಾಗುತ್ತಿತ್ತು, ಒಟ್ಟಾಗಿ ಏನು ಹೇಳುತ್ತವೆ ಎಂದು ಗೊತ್ತಾಗುತ್ತಿರಲಿಲ್ಲ.

ಸಂಜೆ ಸೀಮೆಎಣ್ಣೆಯಿಂದ ಕೈ ತೊಳೆದು, ಸೋಪು ಹಾಕಿ ಉಗುರಿನ ಸಂದಿಯನ್ನೆಲ್ಲ ತಿಕ್ಕಿ, ಬೇರೆ ಅಂಗಿ ಹಾಕಿಕೊಂಡು ಮೊದಲ ಮಾಳಿಗೆ ಹತ್ತಿದೆ. ಆ ಮೆಟ್ಟಿಲನ್ನು ನಾನು ಅದುವರೆಗೆ ಹತ್ತಿರಲಿಲ್ಲ. ಬೇರೆ ಯಾರ ಹತ್ತಿರವಾದರೂ ಓದಿಸಬಹುದಿತ್ತು, ಪಾರ್ಲೆ ತುಂಬ ಕಾಲೇಜು ಮಕ್ಕಳು. ಆದರೆ ಆ ಹೊಗೆ ಬೇರೆ ಎಂದು ಹೇಳಿದವರು ಅವರೊಬ್ಬರೇ. ಬಾಗಿಲು ತೆರೆದವರು ಇನ್ನೊಂದು ಜಗಳಕ್ಕೆ ಬಂದೆನೆಂದೇ ತಿಳಿದಿರಬೇಕು, ಒಂದು ಕೈ ಬಾಗಿಲ ಮೇಲೆಯೇ ಇಟ್ಟುಕೊಂಡು ನಿಂತರು. ನಾನು ಪುಸ್ತಕ ಮುಂದೆ ಹಿಡಿದು, ನನಗೆ ಇಂಗ್ಲಿಷ್ ಬರುವುದಿಲ್ಲ, ಇಷ್ಟು ಓದಿ ಹೇಳಿ ಎಂದೆ.

ಅವರು ಕನ್ನಡಕ ಹಾಕಿಕೊಂಡು ಬಾಗಿಲಲ್ಲೇ ನಿಂತು ಓದಿದರು. ಮೊದಲು ಮನಸ್ಸಿನಲ್ಲಿ, ಆಮೇಲೆ ನನಗೆ ಕನ್ನಡದಲ್ಲಿ. ಗಾಡಿ ಸಮ ನೆಲದಲ್ಲಿ ಇರಬೇಕು. ಸ್ವಲ್ಪ ದೂರ ಓಡಿಸಿ ಬಿಸಿ ಮಾಡಬೇಕು. ಬ್ರೇಕ್ ಒತ್ತಿ ಹಿಡಿದು ಗೇರಿನ ಕೋಲನ್ನು ಎಲ್ಲ ಜಾಗಕ್ಕೂ ಒಮ್ಮೆ ಎಳೆದು, ನಿಲ್ಲಿಸುವ ಜಾಗಕ್ಕೆ ತಂದು ಬಿಡಬೇಕು.

"ಇಂಜಿನ್ ಆಫ್ ಮಾಡ್ಬೇಡಿ ಅಂತ ಬರ್ದಿದ್ದಾರೆ," ಎಂದರು. "ಅದು ಓಡ್ತಾ ಇರೋವಾಗ್ಲೇ ಎಣ್ಣೆ ನೋಡ್ಬೇಕಂತೆ. ನಿಲ್ಲಿಸಿ ನೋಡಿದ್ರೆ ತಪ್ಪು ತೋರ್ಸತ್ತಂತೆ."

ಇನ್ನೊಮ್ಮೆ ಓದಿ ಎಂದೆ. ಓದಿದರು. ನಗಲಿಲ್ಲ. ಒಳಗೆ ಹೋಗಿ ಒಂದು ಹಳೆಯ ಲಗ್ನಪತ್ರಿಕೆಯನ್ನೂ ಪೆನ್ನನ್ನೂ ತಂದುಕೊಟ್ಟು, ಬರ್ಕೊಳ್ಳಿ, ನಿಧಾನವಾಗಿ ಹೇಳ್ತೀನಿ ಎಂದರು. ಬಾಗಿಲ ಚೌಕಟ್ಟಿಗೆ ಪತ್ರಿಕೆ ಒತ್ತಿ ಹಿಡಿದು, ಅದರ ಬೆನ್ನಿಗೆ ನಾನು ಕನ್ನಡದಲ್ಲಿ ಬರೆದುಕೊಂಡೆ. ರಾತ್ರಿ ಶಾಲೆಯ ಮೇಲೆ ನನಗೆ ಪ್ರೀತಿ ಬಂದದ್ದು ಆವತ್ತು.

ಇಂಜಿನ್ ಎಣ್ಣೆಯನ್ನು ಯಾವತ್ತೂ ಇಂಜಿನ್ ನಿಲ್ಲಿಸಿ ನೋಡಬೇಕು. ಅದು ನಮಗೆ ಮೊದಲ ದಿನ ಕಲಿಸುವ ಪಾಠ. ಅದು ಕೈಯಲ್ಲಿ ಎಷ್ಟು ಕೂತಿತ್ತೆಂದರೆ, ಬೇರೆ ಎಣ್ಣೆಗೆ ಬೇರೆ ಕ್ರಮ ಇರಬಹುದು ಎಂದು ತಲೆಗೆ ಹೋಗಲೇ ಇಲ್ಲ. ಈ ಗೇರ್‌ಬಾಕ್ಸಿನಲ್ಲಿ ಇಂಜಿನ್ ನಿಂತ ಕೂಡಲೇ ಮೇಲೆ ತಿರುಗುತ್ತಿದ್ದ ಎಣ್ಣೆಯೆಲ್ಲ ಕೆಳಗಿನ ತೊಟ್ಟಿಗೆ ಇಳಿಯುತ್ತದೆ. ಖಾಲಿಯಾಗುತ್ತ ಬಂದ ಗಾಡಿಯೂ ತುಂಬಿದ ಹಾಗೆ ಕಾಣುತ್ತದೆ.

ಶುಕ್ರವಾರ ಬೆಳಿಗ್ಗೆ ಗಾಡಿ ಮಾರ್ಕೆಟಿನಿಂದ ಬಿಸಿಯಾಗಿಯೇ ಬಂತು. ಶೆಡ್ಡಿನ ಎದುರಿನ ಸಮ ಜಾಗದಲ್ಲಿ ನಿಲ್ಲಿಸಿದೆವು. ಲಗ್ನಪತ್ರಿಕೆ ನೋಡಿಕೊಂಡು ಒಂದೊಂದಾಗಿ ಮಾಡಿದೆ. ಇಂಜಿನ್ ಓಡುತ್ತಿರುವಾಗಲೇ ಕೋಲು ಎಳೆದು, ಒರೆಸಿ, ಅದ್ದಿ, ತೆಗೆದೆ. ಗೆರೆಯ ಹತ್ತಿರ ಏನೂ ಇರಲಿಲ್ಲ. ತುದಿಯಲ್ಲಿ ಒಂದು ಹನಿ. ಡ್ರೈವರ್ ನನ್ನ ಭುಜದ ಹಿಂದೆ ನಿಂತು ನೋಡಿದ.

ಎಣ್ಣೆ ಇಲ್ಲ, ಸರಿ. ಹೋದದ್ದೆಲ್ಲಿಗೆ? ಗಾಡಿಯ ಕೆಳಗೆ ರಟ್ಟು ಹಾಸಿ ನೋಡಿದೆ, ಒಂದು ತೊಟ್ಟೂ ಬೀಳಲಿಲ್ಲ. ಇದನ್ನು ಪುಸ್ತಕದಲ್ಲಿ ಕೇಳಲು ಹೋಗಲಿಲ್ಲ. ರಟ್ಟಿನ ಮೇಲೆ ಅಂಗಾತ ಮಲಗಿ, ಬೇರೆ ಥರದ ನಾತ, ಒಂದೇ ಒದ್ದೆ ಪ್ಲಗ್ಗು, ಎರಡನ್ನೂ ಒಟ್ಟಿಗೆ ಇಟ್ಟು ಯೋಚಿಸಿದೆ. ಮೇಲಿನಿಂದ ಒಂದು ಸಪೂರ ಪೈಪು ಇಳಿದು ಬಂದು ಗೇರ್‌ಬಾಕ್ಸಿನ ಹಿಂಬದಿಯ ಸಣ್ಣ ತಗಡಿನ ಡಬ್ಬಿಗೆ ಸೇರುತ್ತಿತ್ತು. ಇಂಜಿನ್ ಗಾಳಿ ಎಳೆದುಕೊಳ್ಳುವ ಕಡೆಯಿಂದ ಬಂದ ಪೈಪು. ಇಂಜಿನ್ ಎಷ್ಟು ಜೋರಾಗಿ ದುಡಿಯುತ್ತಿದೆ ಎಂದು ಗೇರ್‌ಬಾಕ್ಸಿಗೆ ತಿಳಿಸುವ ಪೈಪು ಎಂದು ಆಮೇಲೆ ತಿಳಿಯಿತು. ಆ ಪೈಪಿನ ತುದಿಯ ರಬ್ಬರು ಎಳೆದೆ. ಒಳಗೆ ಗಾಳಿ ಮಾತ್ರ ಇರಬೇಕಿತ್ತು. ಕೆಂಪು ಎಣ್ಣೆ ನನ್ನ ಗಲ್ಲದ ಮೇಲೆ ಬಿತ್ತು.

ಡಬ್ಬಿಯ ಒಳಗೆ ಒಂದು ರಬ್ಬರಿನ ಪರದೆ ಇರುತ್ತದೆ. ಅದು ಹರಿದಿತ್ತು. ಹರಿದ ಪರದೆಯ ಮೂಲಕ ಇಂಜಿನ್ನು ಗೇರ್‌ಬಾಕ್ಸಿನ ಎಣ್ಣೆಯನ್ನು ದಿನಾ ಸ್ವಲ್ಪ ಸ್ವಲ್ಪ ಕುಡಿದು, ಸುಟ್ಟು, ಮೊದಲ ಮಾಳಿಗೆಯ ಅಡುಗೆಮನೆಗೆ ಕಳಿಸುತ್ತಿತ್ತು. ಅದಕ್ಕೇ ನೆಲದ ಮೇಲೆ ಹನಿ ಇಲ್ಲ. ಆ ಪೈಪಿನ ಬಾಯಿ ಇದ್ದ ಸಿಲಿಂಡರಿಗಷ್ಟೇ ಎಣ್ಣೆ, ಉಳಿದವು ಒಣ. ರೋಗ ಸಿಕ್ಕಿದ ಖುಷಿಗೆ ನಾನು ಗಾಡಿಯಡಿ ಮಲಗಿಕೊಂಡೇ ಸ್ವಲ್ಪ ಹೊತ್ತು ಇದ್ದೆ. ಆ ಖುಷಿ ನಮ್ಮ ಕಸುಬಿನವರಿಗೆ ಮಾತ್ರ ಗೊತ್ತು.

ಮಧ್ಯಾಹ್ನ ಕುರ್ಲಾದ ಗುಜರಿಯಲ್ಲಿ ಒಂದು ಅಮೆರಿಕದ ಕಾರಿನ ಅಸ್ಥಿಪಂಜರದಿಂದ ಅಂಥದ್ದೇ ಡಬ್ಬಿ ಸಿಕ್ಕಿತು. ಅದರ ಬಾಯಿಗೆ ಬಾಯಿಟ್ಟು ಗಾಳಿ ಎಳೆದು, ನಾಲಗೆಗೆ ಅಂಟಿ ನಿಂತದ್ದನ್ನು ನೋಡಿ, ಪರದೆ ಗಟ್ಟಿ ಉಂಟು ಎಂದು ತಂದೆ. ವಿಮಾನ ನಿಲ್ದಾಣದಲ್ಲಿ ಸಾಮಾನು ಎಳೆಯುವ ಗಾಡಿಗಳ ರಿಪೇರಿ ಮಾಡುವ ಒಬ್ಬ ಪರಿಚಯದವನಿಂದ ಯಾವ ಎಣ್ಣೆ ಎಂದು ಕೇಳಿಕೊಂಡು, ಅದನ್ನೇ ತಂದು, ಇಂಜಿನ್ ಓಡುತ್ತಿರುವಾಗ ಸ್ವಲ್ಪ ಸ್ವಲ್ಪವಾಗಿ ಗೆರೆಯವರೆಗೆ ತುಂಬಿಸಿದೆ. ಶನಿವಾರ ಬೆಳಿಗ್ಗೆ ಡ್ರೈವರ್ ಗಾಡಿ ತೆಗೆದುಕೊಂಡು ಹೋದ. ಬೈಕುಲ್ಲಾದ ಸೇತುವೆಯನ್ನು ಭಾರ ಹೇರಿಕೊಂಡೇ ಸಲೀಸಾಗಿ ಏರಿತಂತೆ. ಹೊಗೆ ನಿಂತಿತ್ತು.

ಆ ದಿನ ಹತ್ತು ಗಂಟೆಗೆ ನಾನು ಹೋಟೆಲಿಗೆ ಹೋದೆ. ಧಣಿ ಅಷ್ಟರಲ್ಲೇ ಗಾಡಿಯಲ್ಲಿ ಒಂದು ಸುತ್ತು ಹೋಗಿ ಬಂದು ಗಲ್ಲೆಯ ಹಿಂದೆ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು, ಚಹಾ ತರಿಸಿದರು. ಗೇರ್‌ಬಾಕ್ಸ್ ಇಳಿಸದೆಯೇ ರಿಪೇರಿ ಮಾಡಿದ ಮಿಸ್ತ್ರಿ ಎಂದು ಅಲ್ಲಿ ಕೂತ ಗಿರಾಕಿಗಳಿಗೆ ನನ್ನನ್ನು ತೋರಿಸಿದರು. ಇನ್ನು ಸೋಮವಾರ ಬರುವವನ ಕೈಗೆ ಧೈರ್ಯವಾಗಿ ಗಾಡಿ ಕೊಡಬಹುದು ಎಂದರು.

ಅಲ್ಲಿಗೆ ಮಾತು ಮುಗಿಸಬಹುದಿತ್ತು. ನಾನು ಒಂದು ಅಕ್ಷರ ಸುಳ್ಳು ಹೇಳಬೇಕಾಗಿರಲಿಲ್ಲ, ಚಹಾ ಕುಡಿದು ಬಂದಿದ್ದರೆ ಸಾಕಿತ್ತು. ನನ್ನ ಹೆಸರು ಪಾರ್ಲೆಯಲ್ಲಿ ಇನ್ನೂ ಎರಡು ಮೆಟ್ಟಿಲು ಏರುತ್ತಿತ್ತು. ಹೊರಗೆ ಡ್ರೈವರ್ ಬಾಳೆಎಲೆಯ ಕಟ್ಟು ಇಳಿಸುತ್ತಿದ್ದ. ಅವನು ಒಳಗೆ ನೋಡಲಿಲ್ಲ. ನೋಡಿದ್ದರೆ ನನಗೆ ಸುಲಭವಾಗುತ್ತಿತ್ತೋ ಕಷ್ಟವಾಗುತ್ತಿತ್ತೋ ಗೊತ್ತಿಲ್ಲ. ಚಹಾ ಲೋಟ ಕೈಯಲ್ಲಿ ಹಿಡಿದು ನಾನು ಬಹಳ ಹೊತ್ತು ಊದಿದೆ.

"ಧಣಿ, ತಪ್ಪು ಅವನದ್ದಲ್ಲ," ಎಂದೆ. "ಒಂದು ಡಬ್ಬಿಯ ಪರದೆ ಹರಿದು ಎಣ್ಣೆ ಖಾಲಿಯಾಗಿತ್ತು. ಆ ಕೋಲು ನೋಡುವ ಕ್ರಮ ನನಗೆ ಗೊತ್ತಿರಲಿಲ್ಲ. ಅವನ ಕಾಲಿನ ಬಗ್ಗೆ ನಾನು ಹೇಳಿದ್ದು ಸುಳ್ಳು, ಅವನು ಎಡಗಾಲು ಮಡಚಿ ಸೀಟಿನ ಮೇಲೆ ಇಟ್ಟುಕೊಂಡೇ ಓಡಿಸುವುದು."

ಧಣಿ ಗಲ್ಲೆಯ ಮೇಲೆ ಎರಡೂ ಕೈ ಊರಿ ನನ್ನನ್ನು ನೋಡಿದರು. "ನಿನಗೆ ಗೊತ್ತಿಲ್ಲದ್ದು ಒಂದು ಉಂಟು ಅಂತ ನಿನ್ನ ಬಾಯಿಂದಲೇ ಕೇಳುವ ಯೋಗ ಇತ್ತಲ್ಲ ಮಾರಾಯ ನನಗೆ," ಎಂದರು. ಟೇಬಲ್ ಒರೆಸುವವರು, ಗಿರಾಕಿಗಳು, ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಚಹಾ ಮುಗಿಸಿದೆ, ರುಚಿ ಗೊತ್ತಾಗಲಿಲ್ಲ.

ಸೋಮವಾರ ಬರುವವನನ್ನು ಏನು ಮಾಡುವುದು ಎಂದು ಧಣಿ ಸ್ವಲ್ಪ ಹೊತ್ತು ಗೊಣಗಿದರು. ಅವನು ಆಗಲೇ ಹೊರಟಾಗಿತ್ತಂತೆ. ಕೊನೆಗೆ ಹೋಟೆಲಿನಲ್ಲೇ ಉಗ್ರಾಣಕ್ಕೆ ಹಾಕುವ ಎಂದರು. ಆಮೇಲೆ ಬಾಗಿಲಿಗೆ ಬಂದು ಡ್ರೈವರನನ್ನು ಕರೆದು, ಗಾಡಿ ನಿನ್ನ ಹತ್ತಿರವೇ ಇರಲಿ ಎಂದರು. ಆದರೆ ಕಾಲು ಮಡಚಿ ಕೂರುವುದು ನೋಡಲಿಕ್ಕೆ ಚಂದ ಇಲ್ಲ, ಮದುವೆ ಮನೆಗೆಲ್ಲ ಹೋಗುವ ಗಾಡಿ ಎಂದೂ ಸೇರಿಸಿದರು.

ಡ್ರೈವರ್ ಎಲೆಯ ಕಟ್ಟು ಕೆಳಗಿಟ್ಟ. "ಆಗ್ಲಿರಿ, ಕೆಳಗ ಬಿಡ್ತೀನಿ," ಎಂದ. ಆಮೇಲೆ ನನ್ನ ಕಡೆ ತಿರುಗಿ, "ಅದು ಮತ್ತ ಬ್ರೇಕ್ ತುಳದ್ರ, ಮಿಸ್ತ್ರಿ, ನೀವೇ ಬಂದು ಬುದ್ಧಿ ಹೇಳ್ರಿ ಅದಕ್ಕ," ಎಂದ. ನಗಲಿಲ್ಲ. ಕಟ್ಟು ಎತ್ತಿಕೊಂಡು ಒಳಗೆ ಹೋದ. ಆವತ್ತಿಗೂ ಆಮೇಲೂ ಆ ವಿಷಯದಲ್ಲಿ ಅವನು ನನಗೆ ಹೇಳಿದ್ದು ಅಷ್ಟೇ. ಕ್ಷಮಿಸು ಎಂದು ನಾನೂ ಕೇಳಲಿಲ್ಲ. ನಮ್ಮಂಥವರಿಗೆ ಆ ಶಬ್ದ ಬಾಯಿಗೆ ಬರುವುದು ಕಷ್ಟ.

ಮೇಲಿನ ಮನೆಯವರಿಗೆ ಹೊಗೆ ನಿಂತಿತು ಎಂದು ಹೇಳಿದಾಗ, ಸರಿ, ಹಾರ್ನ್ ಯಾವಾಗ ನಿಲ್ಸ್ತೀರಿ ಎಂದು ಕೇಳಿದರು. ಲಗ್ನಪತ್ರಿಕೆಯನ್ನು ನಾನು ಶೆಡ್ಡಿನ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದೆ. ಯಾರಾದರೂ ಇದೇನು ಎಂದರೆ ಓದಲು ಹೇಳುತ್ತಿದ್ದೆ.

ಪಿಕಪ್ಪು ಆಮೇಲೆ ನಾಲ್ಕೈದು ವರ್ಷ ಓಡಿತು. ಶನಿವಾರ ಬೆಳಿಗ್ಗೆ ಮಾರ್ಕೆಟಿನಿಂದ ಬರುವಾಗ ಅವನು ತಪ್ಪದೆ ನನ್ನ ಶೆಡ್ಡಿನ ಎದುರು ನಿಲ್ಲಿಸುತ್ತಿದ್ದ. ಗೇರಿನ ಕೋಲನ್ನು ಎಲ್ಲ ಜಾಗಕ್ಕೂ ಒಮ್ಮೆ ಎಳೆದು ಬಿಟ್ಟು, ಇಂಜಿನ್ ಚಾಲೂ ಇಟ್ಟೇ ಇಳಿದು, ಬಾನೆಟ್ ಎತ್ತುತ್ತಿದ್ದ. ಅಳತೆ ಕೋಲನ್ನು ತಾನೇ ಎಳೆದು, ಒರೆಸಿ, ಅದ್ದಿ, ತೆಗೆದು ನನ್ನ ಮುಖದ ಎದುರು ಹಿಡಿಯುತ್ತಿದ್ದ. ನಾನು ನೋಡಿ, ಸರಿ ಉಂಟು ಎನ್ನಬೇಕು. ಆಮೇಲೆ ಅವನು ಹೋಗಬೇಕು. ನನ್ನ ಕೈಗೆ ಆ ಕೋಲನ್ನು ಕೊಟ್ಟವನೇ ಅಲ್ಲ.

ಮೊದಲ ಶನಿವಾರ ಅವನು ಬಾನೆಟ್ ಎತ್ತಿದಾಗ, ನಾನು ನನಗೆ ಗೊತ್ತಿಲ್ಲದ ಹಾಗೆಯೇ ಡ್ರೈವರ್ ಬಾಗಿಲ ಕಡೆ ಹೋಗಿ ಇಂಜಿನ್ ಬಂದ್ ಮಾಡಲು ಕೈ ಚಾಚಿದ್ದೆ. ಹದಿನೈದು ವರ್ಷದ ಕೈ ಅದು. ಅವನು ಬಾನೆಟ್ ಬಿಟ್ಟು ಬಂದು ಕೀಲಿಯ ಮೇಲೆ ತನ್ನ ಅಂಗೈ ಇಟ್ಟ. ನಾನು ಕೈ ಹಿಂದೆ ತೆಗೆದುಕೊಂಡು ಬೆನ್ನ ಹಿಂದೆ ಕಟ್ಟಿಕೊಂಡೆ. ಅಲ್ಲಿಂದ ಮುಂದೆ ಶನಿವಾರಗಳಲ್ಲಿ, ಅವನು ಕೋಲು ತೋರಿಸುವವರೆಗೆ, ನಾನು ಹಾಗೆಯೇ ಕೈ ಕಟ್ಟಿಕೊಂಡು ನಿಲ್ಲುತ್ತಿದ್ದೆ.